ಹುಳು ಹಣ್ಣಾದ ಶುಕ್ರವಾರ

ಜುಲೈ 7, ಸೋಮವಾರ

ಹುಳುಮನೆ ಸಂಸ್ಥಾನದ ರಾಜಕುಮಾರಿ, ಬಿ.ಕಾಂ. ಅಂತಿಮ ವರ್ಷದ ಕುಮಾರಿ ಭಾನುಪ್ರಿಯಾ ಅವರು (ಒಂದು ಪೇಪರ್ ಬಾಕಿ ಇದೆಯೆಂಬ ಅಪಪ್ರಚಾರವನ್ನು ಆಸ್ಥಾನ ಖಂಡಿಸುತ್ತದೆ) ಇಂದಿನಿಂದ ದಿನಚರಿ ಬರೆಯಲು ದಯಮಾಡಿ ಒಪ್ಪಿರುತ್ತಾರೆ. ಇದನ್ನು ಓದಲು ಅರ್ಹರು ಅವರೊಬ್ಬರೇ. ಅವರೂ ಮುಂಗಡ ಅನುಮತಿ ಪಡೆಯತಕ್ಕದ್ದು.

ಇಂದಿನ ಮುಖ್ಯ ವಾರ್ತೆ. ಬೆಳಿಗ್ಗೆ ಹತ್ತಕ್ಕೆ ಇನ್ನೂರು ಮೊಟ್ಟೆಯ ಚಾಕಿ ಮರಿಗಳು, ಅಂದರೆ ಇನ್ನೂರು ಚಿಟ್ಟೆಗಳಿಟ್ಟ ಮೊಟ್ಟೆಗಳಿಂದ ಬಂದ ಎಳೆ ಹುಳುಗಳು, ಆಗಮಿಸಿದವು. ಎರಡು ಜ್ವರ ಮುಗಿಸಿವೆ, ಇನ್ನು ಎರಡು ಬಾಕಿ. ರೇಷ್ಮೆ ಹುಳು ಪೊರೆ ಕಳಚಲು ತಲೆಯೆತ್ತಿ ಮಲಗುವುದಕ್ಕೆ ಜ್ವರ ಎಂದು ಹೆಸರಿಟ್ಟ ಮಹಾನುಭಾವರಿಗೆ ಗೌರವ ಡಾಕ್ಟರೇಟ್ ಕೊಡಬೇಕು. ಎಲ್ಲ ಸರಿಯಾದರೆ 25ರ ಹೊತ್ತಿಗೆ ಹುಳು ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ತಯಾರಾಗುತ್ತದೆ.

ಅಮ್ಮ ಅಕ್ಕನ ಬಾಣಂತನಕ್ಕೆ ಗೌರಿಬಿದನೂರಿಗೆ ಹೋಗಿ ಕೂತಿದ್ದಾಳೆ. ಆದ್ದರಿಂದ ಆಸ್ಥಾನದಲ್ಲಿ ಸದ್ಯ ಇರುವವರು: ಮಹಾರಾಜ ಮುನಿಶಾಮಪ್ಪ, ಅಂದರೆ ಅಪ್ಪ. ರಾಜಮಾತೆ ವೆಂಕಟರತ್ನಮ್ಮ, ಅಂದರೆ ಅಪ್ಪನ ತಾಯಿ, ನಮ್ಮ ಅವ್ವ. ಮತ್ತು ನಿಜವಾಗಿ ಸಂಸ್ಥಾನ ನಡೆಸುವ ಇಬ್ಬರು, ಮೋತಿಯುರ್ ಭಾಯ್, ಸಲೀನಕ್ಕ. ಗಂಡ ಹೆಂಡತಿ. ಬಂಗಾಳದ ಮಾಲ್ದಾದವರು. ನಾಲ್ಕು ವರ್ಷದಿಂದ ಹುಳುಮನೆ ಪಕ್ಕದ ಕೋಣೆಯಲ್ಲಿದ್ದಾರೆ. ಅವರ ಊರಲ್ಲೂ ರೇಷ್ಮೆಯೇ. ಹುಳುವಿನ ಮೈ ನೋಡಿ ನಾಳೆ ಎಷ್ಟು ತಿನ್ನುತ್ತದೆ ಎಂದು ಹೇಳಬಲ್ಲರು. ಹಣ್ಣಾದ ದಿನ ಯಾರ ಮನೆಯಲ್ಲೂ ಕೈ ಸಾಲದು, ಊರವರು ಒಬ್ಬರ ಮನೆಗೊಬ್ಬರು ಮುಯ್ಯಾಳು ಹೋಗುತ್ತಾರೆ. ಇವತ್ತು ನಾವು ನಿಮ್ಮಲ್ಲಿಗೆ, ನಾಳೆ ನೀವು ನಮ್ಮಲ್ಲಿಗೆ. ನಮ್ಮ ಮನೆಯ ಪರವಾಗಿ ಎಲ್ಲರ ಮನೆಗೂ ಹೋಗಿ ಬರುವವಳು ಸಲೀನಕ್ಕ. ನಾನು ಹೋದರೆ ವಾಪಸ್ ಕಳಿಸುತ್ತಾರೆ.

ಜುಲೈ 12, ಶನಿವಾರ

ಊರಿನ ವಾಟ್ಸಾಪ್ ಗುಂಪಿನಲ್ಲಿ ಮೂರು ದಿನದಿಂದ ಒಂದೇ ಮಾತು. ಬೆಂಗಳೂರಲ್ಲಿ ಬಾಂಗ್ಲಾದವರನ್ನು ಹಿಡಿಯುತ್ತಿದ್ದಾರಂತೆ, ಶೆಡ್ಡುಗಳನ್ನು ಖಾಲಿ ಮಾಡಿಸಿದರಂತೆ, ಚಿಕ್ಕಬಳ್ಳಾಪುರದಲ್ಲಿ ಮನೆ ಮಾಲೀಕರೇ ಬಂಗಾಳಿಗಳಿಗೆ ರೂಮು ಬಿಡಿ ಅನ್ನುತ್ತಿದ್ದಾರಂತೆ. ಯಾರ ಮಾತಿನಲ್ಲೂ ಹಾಸ್ಯವಿಲ್ಲ. ನಾಡಿನ ಈ ಕೊರತೆಯನ್ನು ನೀಗಿಸಲು ಇಂದು ಸಂಜೆ ಒಂದು ಸುತ್ತೋಲೆ ಹೊರಡಿಸಿದೆ. ನನ್ನ ಈವರೆಗಿನ ಕೃತಿಗಳಲ್ಲಿ ಇದೇ ಶ್ರೇಷ್ಠ. ಪ್ರತಿ ಇಲ್ಲಿ ಲಗತ್ತಿಸಿದೆ:

“ಈ ಮೂಲಕ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಹೊರಗಿನಿಂದ ಬಂದು ಇಲ್ಲಿ ನೆಲೆಸಿರುವ ಸಕಲರೂ ದಿನಾಂಕ 18ರ ಶುಕ್ರವಾರದೊಳಗೆ ಮೂರು ತಲೆಮಾರಿನ ದಾಖಲೆಗಳೊಂದಿಗೆ ಹಾಲಿನ ಡೇರಿಯ ಮುಂದೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಗಡಿಪಾರು ಮಾಡಲಾಗುವುದು.

ಸದರಿ ಆದೇಶವು ಹಿಂದೂಪುರ, ಮದನಪಲ್ಲಿ ಕಡೆಯಿಂದ ಬಂದು ಸಾರಿಗೆ ಹುಣಸೆಹಣ್ಣು ಜಾಸ್ತಿ ಹಾಕುತ್ತಿರುವ ಸೊಸೆಯಂದಿರಿಗೆ ಮುಖ್ಯವಾಗಿ ಅನ್ವಯಿಸುತ್ತದೆ. ಸಹಿ, ಮುಖ್ಯ ಜ್ವರಾಧಿಕಾರಿ.”

ಮೇಲೆ ಲಾಂಛನದ ಜಾಗದಲ್ಲಿ ಎಲೆ ತಿನ್ನುತ್ತಿರುವ ಹುಳು. ಅದನ್ನು ನಾನೇ ಬಿಡಿಸಿದ್ದು.

ಜುಲೈ 13, ಭಾನುವಾರ

ನಗುವ ಮುಖಗಳು ಅರವತ್ತನಾಲ್ಕು. ಹಿಂದೂಪುರದ ಸೊಸೆಯರಿಂದ ಬೈಗುಳ ಹನ್ನೊಂದು. ಅವ್ವನಿಗೆ ಓದಿ ಹೇಳಿದೆ. ಅವಳೂ ಆ ಕಡೆಯವಳೇ.

“ಏಮೇ, ನಾನು ಬಂದಿದ್ದು ಎತ್ತಿನ ಗಾಡೀಲಿ. ಎತ್ತಿಗೂ ದಾಖಲೆ ಕೊಡ್ಬೇಕಾ?”

ಪ್ರಸ್ತಾವವನ್ನು ಪರಿಶೀಲಿಸಲಾಗುವುದು ಎಂದೆ.

ಜುಲೈ 16, ಬುಧವಾರ

ಸುತ್ತೋಲೆ ಊರು ಸುತ್ತಿ ಇವತ್ತು ಮನೆಗೆ ವಾಪಸ್ ಬಂತು. ಶಿಡ್ಲಘಟ್ಟದಿಂದ ಕೋನಪ್ಪಣ್ಣ ಅಪ್ಪನಿಗೆ ಕಳಿಸಿದ್ದಾರೆ. ಅವರು ರೀಲರ್, ಗೂಡು ಬೇಯಿಸಿ ನೂಲು ತೆಗೆಸುವವರು, ನಮ್ಮ ಗೂಡನ್ನು ಹರಾಜಿನಲ್ಲಿ ಹೆಚ್ಚಾಗಿ ಅವರೇ ಹಿಡಿಯುವುದು. ಅಪ್ಪ ಗಟ್ಟಿಯಾಗಿ ಓದಿದ. ಮೊದಲನೇ ಪ್ಯಾರಾ ಮಾತ್ರ ಇತ್ತು. ಸೊಸೆಯರು, ಹುಣಸೆಹಣ್ಣು, ಜ್ವರಾಧಿಕಾರಿ, ಎಲ್ಲವನ್ನೂ ಯಾರೋ ಕತ್ತರಿಸಿದ್ದರು. ಡೇರಿ ಅನ್ನುವ ಕಡೆ “ಠಾಣೆ” ಎಂದು ತಿದ್ದಿದ್ದರು. ಹುಳು ಮಾತ್ರ ಹಾಗೇ ಇತ್ತು, ಮಸುಕಾಗಿ. ಜೊತೆಗೊಂದು ಹಿಂದಿ ಆಡಿಯೋ.

ಆಮೇಲೆ ಕೋನಪ್ಪಣ್ಣನ ಫೋನೂ ಬಂತು. ಅವರ ಘಟಕದ ಹನ್ನೆರಡು ಜನ, ಅಸ್ಸಾಂನವರು, ಬಂಗಾಳದವರು, ಬೆಳಗಿನ ಮೊದಲನೇ ಬಸ್ಸಿಗೇ ಹೋದರಂತೆ. ಬಾಣಲೆಯಲ್ಲಿ ಗೂಡು ಬೇಯುತ್ತಿತ್ತಂತೆ.

ಅಪ್ಪ ನನ್ನ ಕಡೆ ನೋಡಿದ. “ಏನೇ ಇದು? ನಮ್ಮ ಮೋತಿಗೂ ಹೇಳ್ಬೇಕಾ?”

“ಸುಳ್ಳಿರ್ಬೇಕಪ್ಪ,” ಎಂದೆ. ಸುಳ್ಳು ಎಂದು ನನಗೆ ಗೊತ್ತಿರುವುದು ಹೇಗೆಂದು ಹೇಳಲಿಲ್ಲ.

ಅಳಿಸಲು ನೋಡಿದೆ. ಅವಧಿ ಮೀರಿದೆ. ಗುಂಪಿನಲ್ಲಿ “ಇದು ತಮಾಷೆಗೆ ಮಾಡಿದ್ದು, ನಂಬಬೇಡಿ” ಎಂದು ಹಾಕಿದೆ. ಯಾರೋ, “ತಮಾಷೆ ಅಲ್ಲ, ಠಾಣೇಲಿ ನನ್ನ ಭಾವ ಕೇಳ್ಕೊಂಡು ಬಂದಿದ್ದಾನೆ” ಎಂದರು. ಆ ಭಾವನಿಗೆ ನನ್ನ ಸುತ್ತೋಲೆಗಿಂತ ಹೆಚ್ಚು ಗೊತ್ತಿದೆ.

ಹುಳು ನಾಲ್ಕನೇ ಜ್ವರಕ್ಕೆ ಮಲಗಿದೆ. ಸಲೀನಕ್ಕನಿಗೆ ನಾಳೆ ಹೇಳುತ್ತೇನೆ.

ಜುಲೈ 18, ಶುಕ್ರವಾರ

ಹೇಳಲಿಲ್ಲ. ನಿನ್ನೆ ಅವಳು ಮಲಗಿದ ಹುಳುಗಳ ಮೇಲೆ ಸುಣ್ಣದ ಪುಡಿ ಎರಚುತ್ತಿದ್ದಳು, ಹತ್ತಿರ ಹೋದೆ, ಕಾಲೇಜಿಗೆ ಹೊತ್ತಾಯ್ತು ಎಂದು ವಾಪಸ್ ಬಂದೆ. ಹೊತ್ತೇನೂ ಆಗಿರಲಿಲ್ಲ.

ಇವತ್ತು ಬೆಳಿಗ್ಗೆ ಕೋಣೆ ಖಾಲಿ. ಹೊರಗಿಂದ ಚಿಲಕ ಹಾಕಿತ್ತು. ಹುಳುಮನೆ ಗುಡಿಸಿ, ಜ್ವರ ಎದ್ದ ಹುಳುಗಳಿಗೆ ಮೊದಲ ಸೊಪ್ಪು ಹಾಕಿ, ಮಧ್ಯಾಹ್ನಕ್ಕೆ ಬೇಕಾದದ್ದನ್ನು ಒದ್ದೆ ಗೋಣಿ ಮುಚ್ಚಿಟ್ಟು ಹೋಗಿದ್ದಾರೆ. ಎರಡು ಫೋನೂ ಸ್ವಿಚ್ ಆಫ್.

ಅಪ್ಪ ಕೋಣೆ ಬಾಗಿಲಲ್ಲೇ ನಿಂತಿದ್ದ. “ನಾನೇನಂದೆ ಅವ್ರಿಗೆ? ಒಂದು ಮಾತು ಹೇಳ್ಬಿಟ್ಟು ಹೋಗ್ಬಾರ್ದಾ? ಇರಿ ಅಂತಿರ್ಲಿಲ್ವಾ ನಾನು?”

“ಅಂತಿದ್ಯಾ?” ಎಂದಳು ಅವ್ವ.

ಅಪ್ಪ ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೋದ.

ಜುಲೈ 21, ಸೋಮವಾರ

ದಿನಕ್ಕೆ ಮೂರು ಹೊತ್ತು ಸೊಪ್ಪು. ಕತ್ತರಿಸಿ, ಹೊತ್ತು, ಹಾಸಿ, ಮತ್ತೆ ಕತ್ತರಿಸುವುದು. ಐದನೇ ಹಂತದ ಹುಳು ತಿನ್ನುವ ವೇಗಕ್ಕೆ ಮೂರು ಜನ ಸಾಲುವುದಿಲ್ಲ. ಅವ್ವ ಕೂತು ಕಡ್ಡಿ ಹೊಂದಿಸುತ್ತಾಳೆ, ಎದ್ದು ನಿಲ್ಲಲು ನಾನು ಕೈ ಹಿಡಿಯಬೇಕು. ಕೂಲಿಗೆ ಯಾರೂ ಸಿಗುತ್ತಿಲ್ಲ. ಎಲ್ಲರ ತೋಟದಲ್ಲೂ ಇದೇ ಗತಿ. ಕೋಳಿ ಫಾರಂನಿಂದಲೂ ಹೋಗಿದ್ದಾರೆ, ಇಟ್ಟಿಗೆ ಗೂಡಿನಿಂದಲೂ ಹೋಗಿದ್ದಾರೆ.

ಮಧ್ಯಾಹ್ನ ಕೋನಪ್ಪಣ್ಣ ಬಂದಿದ್ದರು. ಶಿಡ್ಲಘಟ್ಟದಲ್ಲಿ ಅರ್ಧಕ್ಕರ್ಧ ಘಟಕಗಳು ನಿಂತಿವೆಯಂತೆ. ಮಾರುಕಟ್ಟೆಯಲ್ಲಿ ರೈತರು ಗೂಡು ಸುರಿದುಕೊಂಡು ಕೂತಿದ್ದಾರೆ, ಹರಾಜು ಕೂಗುವ ರೀಲರುಗಳಿಲ್ಲ. ಗೂಡು ತಗೊಂಡು ಬಿಚ್ಚೋರು ಯಾರು? ಅವರು ಸಾಲು ಮನೆ ಬಾಡಿಗೆಗೆ ಕೊಟ್ಟ ಬೀದಿಯಲ್ಲಿ ಟೀ ಅಂಗಡಿಯವನೂ ಬಾಗಿಲು ಹಾಕಿದ್ದಾನೆ. ಹತ್ತು ವರ್ಷದ ಮೇಲೆ ತಾವೇ ಬಾಣಲೆ ಮುಂದೆ ಕೂತು ಎಳೆ ಹಿಡಿದರಂತೆ. ಬೆರಳುಗಳನ್ನು ತೋರಿಸಿದರು. ತುದಿಯಲ್ಲೆಲ್ಲ ಚರ್ಮ ಬೆಂದು ಬೆಳ್ಳಗಾಗಿತ್ತು.

“ಆ ನೋಟೀಸ್ ಮಾಡಿದೋನು ನನ್ ಕೈಗೆ ಸಿಕ್ಕಿದ್ರೆ, ಅದೇ ಬಿಸಿನೀರಲ್ಲಿ ಕೈ ಅದ್ದಿಸ್ತೀನಿ ಮುನಿಶಾಮಿ.”

ನಾನು ಅವರಿಗೆ ಟೀ ಕೊಟ್ಟೆ. ಲೋಟ ಹಿಡಿಯಲಾಗದೆ ತಟ್ಟೆಗೆ ಹಾಕಿಕೊಡಮ್ಮ ಎಂದರು. ಹಾಕಿಕೊಟ್ಟೆ.

ಜುಲೈ 23, ಬುಧವಾರ

ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್. ಸಲೀನಕ್ಕ. ಮುರುಗಮಲ್ಲದ ದರ್ಗಾದಲ್ಲಿದ್ದಾಳೆ. ಹರಕೆಗೆ ಬಂದು ವಾರಗಟ್ಟಲೆ ಉಳಿಯುವ ಜನ ಅಲ್ಲಿ ಇದ್ದೇ ಇರುತ್ತಾರೆ, ಅವರ ನಡುವೆ ಯಾರೂ ಕೇಳುವುದಿಲ್ಲ ಎಂದು ಇಬ್ಬರೂ ಹೋಗಿದ್ದರಂತೆ. ನಿನ್ನೆ ಬಸ್ ನಿಲ್ದಾಣದಲ್ಲಿ ಮೋತಿಯುರ್ ಭಾಯ್‌ನನ್ನು ಹಿಡಿದಿದ್ದಾರೆ.

ಅಪ್ಪನಿಗೆ ಕಾಲೇಜು ಎಂದು ಹೇಳಿ ಚಿಂತಾಮಣಿ ಬಸ್ ಹತ್ತಿದೆ.

ದರ್ಗಾದ ಹೊರಗೆ ಸಕ್ಕರೆ, ಊದುಬತ್ತಿ ಮಾರುವ ಅಂಗಡಿಗಳ ಸಾಲು. ಅದರ ಕೊನೆಯಲ್ಲಿ ಕೂತಿದ್ದಳು. ಮಡಿಲಲ್ಲಿ ಪ್ಲಾಸ್ಟಿಕ್ ಕವರು. ನನ್ನನ್ನು ನೋಡಿ ಮೊದಲು ಕೇಳಿದ್ದು, “ಹುಳು ಎದ್ದಿದ್ಯಾ ಎಲ್ಲಾ? ಮೂಲೆ ತಟ್ಟೇದು ಲೇಟಾಗಿ ಮಲಗಿತ್ತು.”

“ಎದ್ದಿದೆ ಅಕ್ಕ.”

“ಆಧಾರ್ ತೋರ್ಸಿದ್ರು. ವೋಟರ್ ಕಾರ್ಡ್ ತೋರ್ಸಿದ್ರು. ಇದೆಲ್ಲಾ ಯಾರಾದ್ರೂ ಮಾಡಿಸ್ತಾರೆ ಅಂದ್ರು. ಊರಿಂದ ಮಾವನ ಜಮೀನ್ ಕಾಗದ ಫೋಟೋ ಬಂತು, ಅದು ಬಂಗಾಳೀಲಿದೆ ಅಂದ್ರು. ಅದೆಲ್ಲಾ ಇರಲಿ ಭಾನು. ತಪ್ಪಿಲ್ಲ ಅಂದ್ರೆ ಯಾಕ್ ಓಡಿದೆ ಅಂತಾರೆ. ಅದಕ್ಕೆ ಏನ್ ಹೇಳ್ಬೇಕು?”

ನಾನು ಹೇಳಿದೆ. ಅದು ನಾನು ಬರೆದದ್ದು, ನಗಲೆಂದು ಬರೆದದ್ದು, ಕೆಳಗೆ ಇನ್ನೊಂದು ಪ್ಯಾರಾ ಇತ್ತು, ಸಾರಿನ ಬಗ್ಗೆ. ಹೇಳುತ್ತಾ ಹೋದಂತೆ ಆ ಪ್ಯಾರಾ ಯಾರಿಗೂ ಉಪಯೋಗಕ್ಕೆ ಬರುವಂಥದ್ದಲ್ಲ ಎಂದು ಗೊತ್ತಾಯಿತು, ಆದರೂ ಹೇಳಿ ಮುಗಿಸಿದೆ.

ಅವಳು ಮಡಿಲಿನ ಕವರಿನ ಬಾಯಿ ಮಡಚಿ ಗಂಟು ಹಾಕಿದಳು.

“ಹುಳು ಚಿತ್ರ ಇತ್ತು. ನಾನೂ ನೋಡ್ದೆ. ಮೋತಿ ನಕ್ಕಿದ್ರು, ಹುಳುಗೆ ಕಾಲ್ ಜಾಸ್ತಿ ಹಾಕಿದಾರೆ ಅಂತ.”

“ಮತ್ತೆ ಯಾಕಕ್ಕ ಹೋದ್ರಿ?”

“ನಿಜದ ಕಾಗದಾನೂ ಹಂಗೇ ಇರುತ್ತೆ. ಅವರ ಅಣ್ಣ ದೂರದ ಸಿಟೀಲಿ ಗಾರೆ ಕೆಲಸ. ಅಲ್ಲೂ ಒಂದು ಕಾಗದ ಬಂತು, ನೋಡಿ ಎಲ್ಲಾ ನಕ್ಕಿದ್ರಂತೆ. ಪೊಲೀಸ್ ಬಂದ ಮೇಲೆ ನೋಡೋಣ ಅಂತ ಇದ್ರು. ಕರ್ಕೊಂಡ್ ಹೋದ್ರು. ಏಳು ತಿಂಗಳಾಯ್ತು.”

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವಳನ್ನು ಕರೆದುಕೊಂಡು ಠಾಣೆಗೆ ಹೋದೆ. ಸಬ್ ಇನ್ಸ್‌ಪೆಕ್ಟರ್ ಹೊರಗೆ ಹೋಗಿದ್ದರು. ದಾಖಲೆ ಬರೆಯುವ ರೈಟರು ಹೇಳಿದ್ದು ಇಷ್ಟು. ಶುಕ್ರವಾರ ಮಧ್ಯಾಹ್ನ ಹಿಡಿದವರನ್ನು ಕರೆದೊಯ್ಯುವ ವಾಹನ ಬೆಂಗಳೂರಿಗೆ ಹೋಗುತ್ತದೆ, ಅಲ್ಲಿಂದ ಮುಂದಿನದು ಅವರಿಗೆ ಗೊತ್ತಿಲ್ಲ. ಅಷ್ಟರೊಳಗೆ ಇವನನ್ನು ಬಲ್ಲ ಸ್ಥಳೀಯರು ಇಬ್ಬರು ಬಂದು, ಇವನು ನಮ್ಮಲ್ಲಿದ್ದ ಎಂದು ಸಹಿ ಹಾಕಿ, ಕರೆದಾಗ ಹಾಜರು ಮಾಡುತ್ತೇವೆ ಎಂದು ಬರೆದುಕೊಡಬೇಕು. ಯಾಕೆ ಓಡಿದ ಎನ್ನುವುದಕ್ಕೂ ಉತ್ತರ ಬೇಕು.

ಉತ್ತರ ನನ್ನ ಹತ್ತಿರ ಇದೆ. ಸಹಿ ಒಂದು ಇದೆ. ಇನ್ನೊಂದು ಬೇಕು.

ಜುಲೈ 24, ಗುರುವಾರ

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ಕೆಳಗಿಟ್ಟು, ಹಗ್ಗ ಬಿಚ್ಚಿ, ಮತ್ತೆ ಕಟ್ಟಿದ.

“ಸಹಿ ಹಾಕಪ್ಪ.”

“ಪಹಣಿ ನನ್ ಹೆಸರಲ್ಲಿದೆ. ನಾಳೆ ಅವನು ಬಾಂಗ್ಲಾದವನು ಅಂತ ಆದ್ರೆ, ಇಟ್ಕೊಂಡಿದ್ದೋನು ನಾನು. ನನ್ನ ಒಳಗೆ ಹಾಕಿದ್ರೆ ಮನೆ ನೋಡೋರ್ಯಾರು, ನೀನಾ?”

“ನಾಲ್ಕು ವರ್ಷ ನಮ್ಮನೇಲೇ ಇದ್ರಲ್ಲ.”

“ಇದ್ರು. ನಾನೂ ಇಲ್ಲ ಅಂತಿಲ್ಲ.” ಕಟ್ಟನ್ನು ಎತ್ತಿಕೊಂಡು, “ಹುಳು ಬಣ್ಣ ತಿರುಗ್ತಿದೆ. ನಾಳೆ ಬೆಳಿಗ್ಗೆಗೇ ಹಣ್ಣಾಗುತ್ತೆ. ನೀನು ಠಾಣೆಗೆ ಹೋದ್ರೆ ಆರಿಸೋರ್ಯಾರು?”

ಅವನ ಮಾತು ತಪ್ಪಲ್ಲ. ಹಣ್ಣಾದ ಹುಳು ಕಾಯುವುದಿಲ್ಲ. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಎಲ್ಲೆಂದರಲ್ಲಿ ನೂಲು ಉಗುಳಿ ಸೋತು ಹೋಗುತ್ತದೆ. ಹದಿನೆಂಟು ದಿನದ್ದು ಒಂದೇ ಬೆಳಿಗ್ಗೆ ಹೋಗುತ್ತದೆ.

ಜುಲೈ 25, ಶುಕ್ರವಾರ

ಆರು ಗಂಟೆಗೆ ಹುಳುಮನೆಗೆ ಹೋದೆ. ತಟ್ಟೆ ತುಂಬಾ ಹಳದಿ ತಿರುಗಿ, ತಲೆಯೆತ್ತಿ ಆಡಿಸುತ್ತಿದ್ದವು. ಅಪ್ಪ ಆಗಲೇ ಚಂದ್ರಿಕೆಗಳನ್ನು ಹೊರಗೆ ಒರಗಿಸಿ ಒಬ್ಬನೇ ಆರಿಸುತ್ತಿದ್ದ.

ಅವ್ವ ಕೋಲು ಹಿಡಿದು ಬೀದಿಗೆ ಹೋದಳು. ಪ್ರತಿ ಮನೆ ಮುಂದೆ ನಿಂತು ಒಂದೇ ಮಾತು ಹೇಳಿದಳು. “ನಿಮ್ಮನೇಲಿ ಹುಳು ಹಣ್ಣಾದಾಗ ಸಲೀನಮ್ಮ ಬಂದಿದ್ಲು. ಇವತ್ತು ನಮ್ಮನೇಲಿ ಹಣ್ಣಾಗಿದೆ.” ಅಷ್ಟೇ. ಏಳು ಗಂಟೆಗೆ ಒಂಬತ್ತು ಜನ ಹೆಂಗಸರು ಬಂದರು. ಅವರವರ ಮನೆಯಲ್ಲೂ ಕೆಲಸ ಕೊಳೆಯುತ್ತಿತ್ತು, ಆದರೂ ಬಂದರು. ಮುಯ್ಯಾಳಿಗೆ ಬರುವುದಿಲ್ಲ ಎನ್ನುವವರು ನಮ್ಮೂರಲ್ಲಿ ಇಲ್ಲ.

ಆರಿಸುತ್ತಲೇ ಅವರ ಮುಂದೆ ವಿಷಯ ಇಟ್ಟೆ. ನಾನು ಮಾಡಿದ್ದನ್ನೂ ಹೇಳಿದೆ. ಯಾರೂ ತಲೆಯೆತ್ತಲಿಲ್ಲ, ಕೈಗಳು ಮಾತ್ರ ಸ್ವಲ್ಪ ನಿಧಾನವಾದವು. ಒಂದು ಸಹಿ ಬೇಕು, ಯಾರಾದರೂ ಒಬ್ಬರು ಬನ್ನಿ ಎಂದೆ.

ಮುನಿಗಂಗಮ್ಮ ಪಕ್ಕದ ಮನೆಯವಳು. ಅವಳ ಹೆರಿಗೆಗೆ ಆಟೋ ಕರೆತಂದದ್ದು ಮೋತಿಯುರ್ ಭಾಯ್. ಅವಳೇ ಮಾತಾಡಿದಳು. “ಸಾಯಂಕಾಲದ ತನಕ ಆರಿಸ್ತೀನಿ ಕಣಮ್ಮ, ನಾಳೇನೂ ಬರ್ತೀನಿ. ಸಹಿ ಮಾತ್ರ ಕೇಳ್ಬೇಡ. ನಮ್ ಯಜಮಾನ್ರು ನನ್ನೂ ಅವರ ಜೊತೇಲೇ ಕಳಿಸ್ಬಿಡ್ತಾರೆ.”

ಉಳಿದವರೂ ಹೀಗೇ. ಒಬ್ಬಳು ರೇಷನ್ ಕಾರ್ಡ್ ರದ್ದಾದೀತು ಎಂದಳು. ಯಾರೂ ಒರಟಾಗಿ ಹೇಳಲಿಲ್ಲ. ಅಪ್ಪ ಚಂದ್ರಿಕೆಗೆ ಹುಳು ಬಿಡುತ್ತಲೇ ಇದ್ದ.

ಅವ್ವ ಸೆರಗು ಸರಿಮಾಡಿಕೊಂಡಳು. “ನನಗೆ ಸಹಿ ಬರಲ್ಲ. ಹೆಬ್ಬೆಟ್ಟು ನಡೆಯುತ್ತಾ?”

“ಅಮ್ಮ, ನೀನು ಸುಮ್ನಿರು,” ಎಂದ ಅಪ್ಪ.

“ಪಹಣಿ ನಿನ್ ಹೆಸರಲ್ಲಿದೆ ಕಣಪ್ಪ. ಹೆಬ್ಬೆಟ್ಟು ನಂದೇ. ಏಮೇ, ಗಾಡಿ ತೆಗಿ.”

ಅಪ್ಪನ ಟಿವಿಎಸ್‌ನಲ್ಲಿ ಅವ್ವನನ್ನು ಕೂರಿಸಿಕೊಂಡು ಹೋದೆ. ಸೊಂಟ ಬಿಗಿಯಾಗಿ ಹಿಡಿದಿದ್ದಳು. ಹನ್ನೊಂದು ಕಾಲಿಗೆ ಠಾಣೆ ಸೇರಿದೆವು. ಸಲೀನಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ವಾಹನ ಆಗಲೇ ಬಂದು ನಿಂತಿತ್ತು, ಹಿಂದಿನ ಬಾಗಿಲು ತೆರೆದಿತ್ತು.

ಸಬ್ ಇನ್ಸ್‌ಪೆಕ್ಟರಿಗೆ ಹೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಅವರು “ಇವನು ಯಾಕಮ್ಮ ಓಡಿದ?” ಎಂದಾಗ ಬಾಯಿಗೆ ಬಂದದ್ದು, “ನನ್ನಿಂದ ಸಾರ್.”

ಫೋನಿನಲ್ಲಿ ಪೂರ್ತಿ ಸುತ್ತೋಲೆ ತೋರಿಸಿದೆ. ಓದಿದರು. ಹುಣಸೆಹಣ್ಣಿನ ಹತ್ತಿರ ಅವರ ತುಟಿ ಒಂದಿಷ್ಟು ಅಲುಗಿತು. ಆಮೇಲೆ ಫೋನನ್ನು ಮೇಜಿನ ಒಳಗಿಟ್ಟರು.

“ಇದೇನಾ. ಈ ಹಾಳೆ ಹಿಡ್ಕೊಂಡು ಹತ್ತು ದಿನದಿಂದ ಜನ ಬಂದು ಬಂದು ಕೇಳ್ತಿದ್ದಾರೆ. ನಿಮಗೆ ನಗು. ಕೇಸ್ ಹಾಕ್ತೀನಿ, ಗೊತ್ತಲ್ಲ?”

“ಹಾಕಿ ಸಾರ್. ಅವರನ್ನ ಬಿಡಿ.”

“ಬರ್ಕೊಡು.”

ಹಾಳೆ ಕೊಟ್ಟರು. “ಈ ಮೂಲಕ” ಎಂದು ಬರೆದು ಹೊಡೆದು ಹಾಕಿದೆ. ಕೆಳಗೆ ಬರೆದೆ: ಜುಲೈ 12ರಂದು ನಾನು ಒಂದು ಸುಳ್ಳು ನೋಟೀಸು ಬರೆದೆ. ಅದನ್ನು ನೋಡಿ ಇವರು ಹೆದರಿ ಓಡಿದರು. ತಪ್ಪು ನನ್ನದು. ಅದಕ್ಕಿಂತ ಹೆಚ್ಚು ಬರೆಯಲು ಏನೂ ಸಿಗಲಿಲ್ಲ.

ಅವ್ವನ ಸರದಿ.

“ಇವನು ಬಾಂಗ್ಲಾದವನಲ್ಲ ಅಂತ ಹೆಂಗೆ ಹೇಳ್ತೀಯಮ್ಮ?”

“ಹಂಗಂತ ಹೇಳಕ್ಕೆ ನಾನು ಬಂದಿಲ್ಲಪ್ಪ. ಅದು ನಿನ್ ಕೆಲಸ, ನೋಡ್ಕೋ. ನಾಲ್ಕು ವರ್ಷದಿಂದ ನಮ್ಮನೇಲಿ ಇದ್ದಾರೆ, ನೀನು ಕರ್ದಾಗ ಕರ್ಕೊಂಡ್ ಬರ್ತೀನಿ, ಅಷ್ಟೇ ನಾನು ಹೇಳೋದು. ಬೇಗ ಕೇಳು, ಮನೇಲಿ ಹುಳು ಹಣ್ಣಾಗಿದೆ.”

ಅವರು ಪೆನ್ನು ನಿಲ್ಲಿಸಿದರು. “ಇವತ್ತಾ? ಎಷ್ಟು ಮೊಟ್ಟೆ?”

“ಇನ್ನೂರು.”

ಗಡಿಯಾರ ನೋಡಿದರು. ರೈಟರನ್ನು ಕರೆದು ಸ್ಟ್ಯಾಂಪ್ ಪ್ಯಾಡ್ ತರಿಸಿದರು. ಅವ್ವ ಹೆಬ್ಬೆಟ್ಟು ಒತ್ತಿದಳು, ನಾನು ಸಹಿ ಹಾಕಿದೆ. ಮಾಲ್ದಾದಿಂದ ಉತ್ತರ ಬರುವ ತನಕ ಪ್ರತಿ ಸೋಮವಾರ ಹತ್ತು ಗಂಟೆಗೆ ಗಂಡ ಹೆಂಡತಿ ಇಬ್ಬರೂ ಬಂದು ರಿಜಿಸ್ಟರಿನಲ್ಲಿ ಸಹಿ ಮಾಡಬೇಕು, ಜೊತೆಗೆ ನಾನೂ ಮಾಡಬೇಕು. ಒಂದು ವಾರ ತಪ್ಪಿದರೂ ವಾಹನ ಇದ್ದೇ ಇದೆ ಎಂದರು.

ಮೋತಿಯುರ್ ಭಾಯ್ ಹೊರಗೆ ಬಂದಾಗ ಕಾಲಲ್ಲಿ ಚಪ್ಪಲಿ ಇರಲಿಲ್ಲ. ವಾಹನದಲ್ಲಿ ಇನ್ನು ನಾಲ್ಕು ಜನ ಕೂತಿದ್ದರು. ಅವರಿಗಾಗಿ ಯಾರೂ ಬಂದಿರಲಿಲ್ಲ. ಅದು ಹೊರಡುವ ತನಕ ಅವನು ಅಲ್ಲೇ ನಿಂತಿದ್ದ.

ಜುಲೈ 26, ಶನಿವಾರ

ಮೋತಿಯುರ್ ಭಾಯ್ ನಿನ್ನೆ ಬಂದವನೇ ಚಂದ್ರಿಕೆಗಳನ್ನು ನೋಡಿದ. ಹೆಂಗಸರು ಅವಸರದಲ್ಲಿ ಕೆಲವಕ್ಕೆ ದಟ್ಟವಾಗಿ ಬಿಟ್ಟಿದ್ದರು. ಒಂದೊಂದಾಗಿ ತೆಗೆದು ಬಿಡಿಸಿದ. ಅಪ್ಪ ಪಕ್ಕದಲ್ಲಿ ಚಂದ್ರಿಕೆ ಹಿಡಿದುಕೊಂಡು ನಿಂತಿದ್ದ. ಕೊನೆಗೆ ಅಪ್ಪ, “ಊಟ ಮಾಡಿದ್ಯಾ?” ಎಂದ. “ಇದು ಮುಗಿಸ್ಬಿಟ್ಟು,” ಎಂದ ಅವನು.

ನನ್ನ ಜೊತೆ ಅವನ ಮಾತಿಲ್ಲ. ಕೋನಪ್ಪಣ್ಣನಿಗೂ ಗೊತ್ತಾಗಿದೆ. ಈ ಸಲ ನಮ್ಮ ಗೂಡು ಹಿಡಿಯುವುದಿಲ್ಲ ಎಂದು ಹೇಳಿ ಕಳಿಸಿದ್ದಾರೆ.

ಊರಿಗೆ ಹೋಗುತ್ತೀರಾ ಎಂದು ಸಲೀನಕ್ಕನನ್ನು ಕೇಳಿದೆ. “ರೈಲಲ್ಲಿ ಮೂರು ದಿನ. ಎಷ್ಟು ಕಡೆ ಇಳಿಸಿ ಕೇಳ್ತಾರೋ. ಇಲ್ಲಿ ಅವ್ವನ ಹೆಬ್ಬೆಟ್ಟಾದ್ರೂ ಇದೆ,” ಎಂದಳು. ಇಷ್ಟವಿದ್ದು ಉಳಿದದ್ದಲ್ಲ.

ಆಗಸ್ಟ್ 4, ಸೋಮವಾರ

ಎರಡನೇ ಸೋಮವಾರ. ಗೂಡು ಬಿಡಿಸಿಯಾಯಿತು, ನಿನ್ನೆ ಹೊಸ ಚಾಕಿ ಮರಿಗಳು ಬಂದಿವೆ. ಬಾಕಿ ಪೇಪರಿನ ಪರೀಕ್ಷೆ ಇವತ್ತು ಹತ್ತಕ್ಕೇ ಇತ್ತು. ಮುಂದಿನ ಸಲ ಬರೆದರಾಯಿತು.

ಮೂವರೂ ಟಿವಿಎಸ್‌ನಲ್ಲಿ ಹೋದೆವು. ಠಾಣೆಗೆ ಒಂದು ತಿರುವು ಇರುವಾಗ ಮೋತಿಯುರ್ ಭಾಯ್ ಇಳಿದು ನಡೆಯುತ್ತಾನೆ. ಮೂರು ಜನ ಕೂತು ಠಾಣೆಯೊಳಗೆ ಹೋದರೆ ಅದಕ್ಕೊಂದು ಬೇರೆ ಕೇಸ್.

ಇವತ್ತು ಹೊಸ ಕಾನ್‌ಸ್ಟೇಬಲ್ ಇದ್ದ. ಬೆಂಚಿನ ಮೇಲೆ ಏಳೆಂಟು ಜನ ಕಾಯುತ್ತಿದ್ದರು, ಜಮೀನಿನ ತಕರಾರಿನವರು, ಬೈಕ್ ಕಳೆದುಕೊಂಡವರು. ಅವನು ರಿಜಿಸ್ಟರು ತೆರೆದು ಎಲ್ಲರಿಗೂ ಕೇಳುವಂತೆ, “ಬಾಂಗ್ಲಾದವರು ಯಾರ್ರೀ, ಮುಂದೆ ಬನ್ನಿ,” ಎಂದ.

ಬೆಂಚಿನವರೆಲ್ಲ ತಿರುಗಿ ನೋಡಿದರು. ಮೋತಿಯುರ್ ಭಾಯ್ ನೆಲ ನೋಡುತ್ತಿದ್ದ. ಸಲೀನಕ್ಕ ಏಳಲು ಹೊರಟಿದ್ದಳು, ಅವಳ ತೋಳು ಹಿಡಿದೆ.

“ಅಂಥವ್ರು ಇಲ್ಲಿ ಯಾರೂ ಇಲ್ಲ ಸಾರ್,” ಎಂದೆ. “ಸೋಮವಾರದ ಸಹಿಗೆ ಬಂದಿರೋರು ಮೂರು ಜನ ಇದೀವಿ.”

ಅವನು ರಿಜಿಸ್ಟರಿನಿಂದ ತಲೆಯೆತ್ತಿದ. “ನೀನ್ಯಾರಮ್ಮ?”

“ಮೂರು ಜನರಲ್ಲಿ ಒಬ್ಬಳು.”

ರಿಜಿಸ್ಟರನ್ನು ನನ್ನ ಕಡೆ ತಳ್ಳಿದ. ಮೊದಲು ನಾನು ಹಾಕಿದೆ. ಆಮೇಲೆ ಸಲೀನಕ್ಕ, ಬಂಗಾಳಿಯಲ್ಲಿ, ನಿಧಾನವಾಗಿ. ಆಮೇಲೆ ಮೋತಿಯುರ್ ಭಾಯ್. ಎಲ್ಲಿಯ ತನಕ ಬರಬೇಕು ಎಂದು ಕೇಳಿದೆ. ಆರ್ಡರ್ ಬರೋ ತನಕ ಎಂದ ಕಾನ್‌ಸ್ಟೇಬಲ್.

ಬರುವಾಗ ಮೋತಿಯುರ್ ಭಾಯ್ ಗಾಡಿ ತಾನು ಓಡಿಸುತ್ತೇನೆಂದು ಕೈ ಚಾಚಿದ. ಹತ್ತು ದಿನದಲ್ಲಿ ನನಗೆ ಅವನು ಹೇಳಿದ ಮೊದಲನೇ ಮಾತು, “ಚಾಬಿ ಕೊಡು, ನೀನು ಓಡಿಸಿದ್ರೆ ಹುಳುಗೆ ಸೊಪ್ಪು ಸಂಜೆ ಆಗುತ್ತೆ.” ಕೊಟ್ಟೆ. ಹಿಂದೆ ಸಲೀನಕ್ಕ, ಅವಳ ಹಿಂದೆ ನಾನು.